ಮೀಟರಿನ ನಂಬರು ಮಾರ್ಕ್ಸ್ ಅಲ್ಲ

(ಮಾರ್ಚ್ 10ರಂದು ಮೈಸೂರಿನ ಬಡಾವಣೆಯೊಂದರ ಸಮುದಾಯ ಭವನದಲ್ಲಿ, ಗರ್ಭಿಣಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಆಡಿದ್ದನ್ನೇ ಕೊಂಚ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಗರ್ಭಿಣಿಯರಿಗೆ ಮೊದಲು ಒಂದು ಮಾತು. ಕಾಲು ಚಾಚಿ ಕೂರಿ. ಎದ್ದು ಓಡಾಡಬೇಕು ಅನ್ನಿಸಿದರೆ ಓಡಾಡಿ. ತಿನ್ನುವ ಹೊತ್ತಾಗಿದ್ದರೆ ಡಬ್ಬಿ ತೆಗೆದು ತಿನ್ನಿ. ನನ್ನ ಮಾತು ಮುಗಿಯಲಿ ಎಂದು ಯಾರೂ ಹಸಿದು ಕೂರಬೇಡಿ.

ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಹೆಂಡತಿಗೆ ಬಸುರಿಯಾಗಿದ್ದಾಗ ಶುಗರ್ ಬಂತು. ಬರುವ ಆಗಸ್ಟಿಗೆ ನಮ್ಮ ಮಗಳಿಗೆ ನಾಲ್ಕು ತುಂಬುತ್ತದೆ. ಆ ದಿನಗಳಲ್ಲಿ ಏನು ತಿನ್ನಬೇಕು, ಎಷ್ಟು ನಡೆಯಬೇಕು, ಯಾವಾಗ ರಕ್ತ ನೋಡಬೇಕು ಎಂದು ಅವಳಿಗೆ ಹೇಳುವವರು ಬೇಕಾದಷ್ಟು ಜನ ಇದ್ದರು. ಗಂಡ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಲಿಲ್ಲ. ಫೈಲ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ. ಆಮೇಲೆ ಒಂದೊಂದಾಗಿ ಕಲಿತೆ. ಕೆಲವನ್ನು ತಪ್ಪು ಮಾಡಿ ಕಲಿತೆ. ಅದನ್ನೇ ಇವತ್ತು ಹಿಂದೆ ಗೋಡೆಗೆ ಒರಗಿ ನಿಂತಿರುವ ಗಂಡಂದಿರಿಗೆ ಹೇಳಬೇಕು ಅಂತ ಬಂದಿದ್ದೇನೆ. ನೀವೂ ಮುಂದೆ ಬಂದು ಕೂರಿ.

ಇವತ್ತಿನ ದಿನಕ್ಕೂ ಒಂದು ಕಾರಣ ಇದೆ. ಮಾರ್ಚ್ 10 ಚೆನ್ನೈನ ಡಾಕ್ಟರ್ ವಿ. ಶೇಷಯ್ಯ ಅವರು ಹುಟ್ಟಿದ ದಿನ. ಅದನ್ನು ನಮ್ಮ ದೇಶದಲ್ಲಿ ಗರ್ಭಿಣಿಯರ ಮಧುಮೇಹದ ಜಾಗೃತಿ ದಿನ ಅಂತ ಆಚರಿಸುತ್ತಾರೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರತಿಯೊಬ್ಬ ಗರ್ಭಿಣಿಗೂ ಶುಗರ್ ಪರೀಕ್ಷೆ ಆಗಲೇಬೇಕು ಅನ್ನುವುದು ಅವರ ಹಟ. ಅವರು ಮತ್ತು ಅವರ ಜೊತೆಯವರು ರೂಢಿಗೆ ತಂದ ಪರೀಕ್ಷೆಯನ್ನೇ ಸರ್ಕಾರವೂ ಒಪ್ಪಿಕೊಂಡಿದೆ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಎಂ.ಎಲ್. ನೀರಿಗೆ ಕದಡಿ ಐದು ಹತ್ತು ನಿಮಿಷದಲ್ಲಿ ಕುಡಿಯಬೇಕು. ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಶುಗರ್ ಇದೆ ಎಂದರ್ಥ.

ಈ ಪರೀಕ್ಷೆಯ ದೊಡ್ಡ ಗುಣ ಏನು ಗೊತ್ತಾ? ಖಾಲಿ ಹೊಟ್ಟೆಯಲ್ಲೇ ಬರಬೇಕು ಅಂತಿಲ್ಲ. ಊಟ ಆಗಿದ್ದರೂ ನಡೆಯುತ್ತದೆ, ಆಗದಿದ್ದರೂ ನಡೆಯುತ್ತದೆ. ಎಚ್.ಡಿ. ಕೋಟೆಯ ಯಾವುದೋ ಹಾಡಿಯಿಂದ ಎರಡು ಬಸ್ಸು ಹತ್ತಿ ಬರುವ ಬಸುರಿ ಹೆಂಗಸನ್ನು ನೆನೆಸಿಕೊಳ್ಳಿ. ಅವಳಿಗೆ, ‘ನಾಳೆ ಏನೂ ತಿನ್ನದೆ ಬೆಳಿಗ್ಗೆ ಬಾ’ ಅಂದರೆ ಅವಳು ಬರುವುದೇ ಇಲ್ಲ. ಬಂದ ದಿನವೇ ಪರೀಕ್ಷೆ ಮುಗಿದುಹೋಗಬೇಕು. ಈ ಯೋಚನೆ ಮಾಡಿದವರ ಮೇಲೆ ನನಗೆ ತುಂಬಾ ಗೌರವ ಇದೆ. ಕೆಲವು ಆಸ್ಪತ್ರೆಗಳಲ್ಲಿ ಇನ್ನೊಂದು ಪದ್ಧತಿ ಇದೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಗ್ಲೂಕೋಸ್ ಕುಡಿದು ಒಂದು ಗಂಟೆಗೆ, ಎರಡು ಗಂಟೆಗೆ ಹೀಗೆ ಮೂರು ಸಲ ರಕ್ತ ತೆಗೆಯುತ್ತಾರೆ. ಅಲ್ಲಿ ಗಡಿ 92, 180, 153. ಯಾವುದಾದರೂ ಒಂದು ಗಡಿ ಮುಟ್ಟಿದರೂ ಸಾಕು, ಶುಗರ್ ಇದೆ ಎಂದರ್ಥ.

ಮೊದಲ ಸಲ ಆಸ್ಪತ್ರೆಗೆ ತೋರಿಸಿದಾಗ ಒಂದು ಪರೀಕ್ಷೆ. ಅದು ಸರಿ ಇದ್ದರೆ 24ರಿಂದ 28ನೇ ವಾರದ ನಡುವೆ ಇನ್ನೊಂದು. ಎರಡನೆಯದನ್ನು ಬಿಡಬೇಡಿ. ನನ್ನ ಹೆಂಡತಿಗೆ ಮೊದಲನೆಯದು ಏನೂ ತೊಂದರೆ ತೋರಿಸಲಿಲ್ಲ. 26ನೇ ವಾರದಲ್ಲಿ 168 ಬಂತು.

ಮೇ ತಿಂಗಳು. ಮಾವಿನಹಣ್ಣಿನ ಕಾಲ. ಆಟೋದಲ್ಲಿ ಮನೆಗೆ ಬರುವಾಗ ಅವಳು ಅತ್ತಳು. ‘ರೀ, ನಾನೇ ಜಾಸ್ತಿ ಮಾವಿನಹಣ್ಣು ತಿಂದುಬಿಟ್ಟೆ. ಪಾಪುಗೆ ನಾನೇ ಹೀಗೆ ಮಾಡಿಬಿಟ್ಟೆ’ ಅಂದಳು. ನಾನು ಸುಮ್ನೆ ಕೂತಿದ್ದೆ. ಏನು ಹೇಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದರೆ ನನ್ನ ಅಮ್ಮ, ‘ನಮ್ಮ ಕಡೆ ಯಾರಿಗೂ ಇದು ಇಲ್ವಲ್ಲ’ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಗಾಬರಿಯಲ್ಲಿ ಅಂದದ್ದು. ಆದರೆ ಆ ಮಾತು ಅವಳಿಗೆ ಹೇಗೆ ಕೇಳಿಸಿರಬಹುದು ಅಂತ ಈಗ ಯೋಚಿಸಿದರೆ ಸಂಕಟ ಆಗುತ್ತದೆ.

ಗಂಡಂದಿರೇ, ನಿಮ್ಮ ಮೊದಲ ಕೆಲಸ ಆ ಆಟೋದಲ್ಲೇ ಶುರುವಾಗುತ್ತದೆ. ಅಲ್ಲಿ ಹೇಳಬೇಕಾದ ಮಾತು ಇದು. ಇದು ಅವಳು ಮಾಡಿಕೊಂಡದ್ದಲ್ಲ. ಅರ್ಧ ಬಸುರು ದಾಟಿದ ಮೇಲೆ ಎಲ್ಲ ಹೆಂಗಸರಲ್ಲೂ ಮಾಸು, ಅಂದರೆ ಪ್ಲಾಸೆಂಟಾ, ಕೆಲವು ಹಾರ್ಮೋನುಗಳನ್ನು ಜಾಸ್ತಿ ಬಿಡುತ್ತದೆ. ಅವು ತಾಯಿಯ ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತವೆ. ಮಗುವಿಗೆ ಸಕ್ಕರೆ ಸಾಕಷ್ಟು ಸಿಗಲಿ ಅಂತ ಮೈಯೇ ಮಾಡಿಕೊಂಡ ಏರ್ಪಾಡು ಅದು. ಆಗ ತಾಯಿಯ ಮೇದೋಜೀರಕ ಗ್ರಂಥಿ ಮೊದಲಿಗಿಂತ ಎರಡು ಮೂರು ಪಟ್ಟು ಇನ್ಸುಲಿನ್ ಮಾಡಬೇಕಾಗುತ್ತದೆ. ಕೆಲವರಿಗೆ ಅಷ್ಟು ಮಾಡಲು ಆಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಉಳಿದುಕೊಳ್ಳುತ್ತದೆ. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ, ಮೊದಲೇ ಪಿಸಿಓಡಿ, ಅಂದರೆ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ ಇದ್ದರೆ, ತೂಕ ಅಥವಾ ವಯಸ್ಸು ಕೊಂಚ ಜಾಸ್ತಿ ಇದ್ದರೆ ಸಾಧ್ಯತೆ ಹೆಚ್ಚು. ಇವು ಯಾವುವೂ ಇಲ್ಲದವರಿಗೂ ಬರುತ್ತದೆ. ನಮ್ಮ ಭಾರತದವರ ಮೈಗೆ ಇದು ಬರುವ ಸಾಧ್ಯತೆಯೇ ಜಾಸ್ತಿ. ಒಂದು ತಿಂಗಳ ಮಾವಿನಹಣ್ಣು ಇದನ್ನು ತರುವುದಿಲ್ಲ.

ಹಾಗಂತ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗೂ ಇಲ್ಲ. ತಾಯಿಯ ರಕ್ತದ ಸಕ್ಕರೆ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಂಡು ಆ ಸಕ್ಕರೆಯನ್ನು ಕೊಬ್ಬು ಮಾಡಿಕೊಳ್ಳುತ್ತದೆ. ಮಗು ತೀರ ದಪ್ಪ ಆದರೆ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯ ಇರುತ್ತದೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸಿದರೆ ಸಕ್ಕರೆ ಬರುವುದು ನಿಂತುಹೋಗುತ್ತದೆ. ಆದರೆ ಮಗುವಿನ ಇನ್ಸುಲಿನ್ ಇನ್ನೂ ಓಡುತ್ತಲೇ ಇರುತ್ತದೆ. ಆಗ ಮಗುವಿಗೆ ಶುಗರ್ ಕುಸಿಯಬಹುದು. ‘ಮಗು ಗುಂಡು ಗುಂಡಾಗಿದೆ, ಆರೋಗ್ಯವಾಗಿದೆ’ ಎಂದು ಸಂತೋಷಪಡುವ ನಮ್ಮ ಅಭ್ಯಾಸವನ್ನು ಇಲ್ಲಿ ಸ್ವಲ್ಪ ಬಿಡಬೇಕು.

ಇದರ ಬಗ್ಗೆ ನಮ್ಮ ಊರಿನಲ್ಲೇ ದೊಡ್ಡ ಕೆಲಸ ನಡೆದಿದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಿಷನ್ ಆಸ್ಪತ್ರೆ ಅಂತ ನಾವೆಲ್ಲ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ನೂರಾರು ಗರ್ಭಿಣಿಯರಿಗೆ ಶುಗರ್ ಪರೀಕ್ಷೆ ಮಾಡಿದರು. ಆಗಲೇ ನೂರರಲ್ಲಿ ಸುಮಾರು ಆರು ಜನಕ್ಕೆ ಇತ್ತು. ಅಲ್ಲಿಗೇ ಬಿಡಲಿಲ್ಲ. ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಕರೆದು ಕರೆದು ನೋಡಿದರು. ಒಂಬತ್ತೂವರೆ ವರ್ಷದ ಹೊತ್ತಿಗೆ, ಶುಗರ್ ಇದ್ದ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬು ಜಾಸ್ತಿ ಇತ್ತು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣವೂ ಕಂಡಿತು. ಮೈಸೂರಿನ ಮಕ್ಕಳು, ಮೈಸೂರಿನ ತಾಯಂದಿರು. ತಮ್ಮ ಕೆಲಸ ಬಿಟ್ಟು ಮಕ್ಕಳನ್ನು ಮತ್ತೆ ಮತ್ತೆ ಕರೆತಂದ ಆ ಮನೆಯವರಿಂದ ಇವತ್ತು ನಮಗೆ ಇಷ್ಟು ಗೊತ್ತಾಗಿದೆ.

ಈಗ ನನ್ನ ತಪ್ಪಿನ ಕಥೆ.

ಡಾಕ್ಟರು ಗ್ಲೂಕೋಮೀಟರ್, ಅಂದರೆ ಮನೆಯಲ್ಲೇ ಬೆರಳು ಚುಚ್ಚಿ ಶುಗರ್ ನೋಡುವ ಮೀಟರ್, ತೆಗೆದುಕೊಳ್ಳಲು ಹೇಳಿದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಆಗಿ ಎರಡೆರಡು ಗಂಟೆಗೆ ಒಮ್ಮೊಮ್ಮೆ. ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟ ಆಗಿ ಎರಡು ಗಂಟೆಗೆ 120ರ ಒಳಗೆ ಇರಬೇಕು. ನಾನು ಮೇಷ್ಟ್ರು ಅಲ್ವಾ, ಒಂದು ದೊಡ್ಡ ಚಾರ್ಟ್ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಗಡಿ ದಾಟಿದರೆ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೆ. ಸ್ಕೂಲಿನಿಂದ ಬಂದ ತಕ್ಷಣ ಚಪ್ಪಲಿ ಬಿಡುವ ಮೊದಲೇ ‘ಎಷ್ಟು ಬಂತು?’ ಅಂತ ಕೇಳುತ್ತಿದ್ದೆ. 140 ಅಂದರೆ ‘ಏನು ತಿಂದೆ?’ ಅನ್ನುತ್ತಿದ್ದೆ. ನಾನು ಅವಳ ಕಾಳಜಿ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಒಂದು ವಾರ ಎಲ್ಲ ನಂಬರೂ ಚೆನ್ನಾಗಿ ಬಂದವು. 114, 118, 116. ನನಗೆ ಬಹಳ ಸಂತೋಷ ಆಯಿತು. ಭಾನುವಾರ ಮೀಟರಿನ ಬ್ಯಾಟರಿ ಬದಲಿಸುವಾಗ ಗುಂಡಿ ಒತ್ತಿ ಹಿಂದಿನ ನಂಬರುಗಳನ್ನು ನೋಡಿದೆ. ಅದರಲ್ಲಿ ಎಲ್ಲ ಉಳಿದಿರುತ್ತದೆ. ಮೀಟರಿನಲ್ಲಿ 146, 151, 139 ಇತ್ತು. ಚಾರ್ಟಿನಲ್ಲಿ ಬೇರೆ ಇತ್ತು.

ನಾನು ಕೂತಲ್ಲೇ ಕೂತೆ. ಮೊದಲು ಸಿಟ್ಟು ಬಂತು. ಆಮೇಲೆ ಅರ್ಥ ಆಯಿತು. ಫೇಲಾದ ಹುಡುಗರು ಪ್ರೋಗ್ರೆಸ್ ಕಾರ್ಡಿನಲ್ಲಿ ಅಂಕ ತಿದ್ದುವುದನ್ನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಯಾಕೆ ತಿದ್ದುತ್ತಾರೆ? ಮನೆಯಲ್ಲಿ ಹೆದರಿಕೆ ಇರುತ್ತದೆ, ಅದಕ್ಕೆ. ನನ್ನ ಹೆಂಡತಿ ನನ್ನ ಪ್ರಶ್ನೆಗೆ ಹೆದರಿ ನಂಬರು ತಿದ್ದಿದ್ದಳು. ಆ ಸುಳ್ಳು ನಂಬರನ್ನೇ ನಾವು ಡಾಕ್ಟರಿಗೆ ತೋರಿಸಬೇಕಾಗಿತ್ತು. ಅದನ್ನು ನೋಡಿ ಅವರು ‘ಔಷಧಿ ಬೇಡ, ಹೀಗೇ ಇರಲಿ’ ಅಂದಿದ್ದರೆ? ಮಗುವಿಗೆ ಸಿಗಬೇಕಾದ ಚಿಕಿತ್ಸೆ ನನ್ನ ಕೆಂಪು ಪೆನ್ನಿನಿಂದ ತಪ್ಪಿಹೋಗುತ್ತಿತ್ತು.

ಆವತ್ತು ಚಾರ್ಟ್ ತೆಗೆದು ಹಾಕಿದೆ. ಅವಳ ಹತ್ತಿರ ಕ್ಷಮೆ ಕೇಳಿದೆ. ಒಂದು ಸಾದಾ ನೋಟ್‌ಬುಕ್ ತಂದೆವು. ನಂಬರಿನ ಪಕ್ಕದಲ್ಲಿ ಏನು ತಿಂದಳು, ನಿದ್ದೆ ಹೇಗಿತ್ತು, ಊಟ ಆದ ಮೇಲೆ ನಡೆದಳಾ, ಇಷ್ಟು ಬರೆಯಲು ಶುರು ಮಾಡಿದೆವು. ಬರೆಯುವ ಕೆಲಸ ನನ್ನದು. ‘ಎಷ್ಟು ಬಂತು’ ಅನ್ನುವ ಪ್ರಶ್ನೆಯನ್ನು ಬಿಟ್ಟೆ. ಮನೆಯಲ್ಲಿದ್ದಾಗ ಅವಳ ಪಕ್ಕದಲ್ಲಿ ಕೂತು ನಾನೇ ಸ್ಟ್ರಿಪ್ ಹಾಕಿ, ನಾನೇ ಸೂಜಿ ಬದಲಿಸಿ, ಇಬ್ಬರೂ ಒಟ್ಟಿಗೆ ನಂಬರು ನೋಡುತ್ತಿದ್ದೆವು. ಜಾಸ್ತಿ ಬಂದರೆ ಇಬ್ಬರೂ ಸೇರಿ ಯೋಚನೆ ಮಾಡುತ್ತಿದ್ದೆವು. ಆ ನಂಬರು ನಮ್ಮಿಬ್ಬರಿಗೂ ಸೇರಿದ್ದು ಅಂತ ಅವಳಿಗೆ ನಂಬಿಕೆ ಬರಲು ಸುಮಾರು ಹತ್ತು ದಿನ ಬೇಕಾಯಿತು.

ಹಾಗೆ ನೋಡುವಾಗಲೇ ಒಂದು ವಿಷಯ ಗೊತ್ತಾಯಿತು. ಒಂದು ದಿನ ಮಧ್ಯಾಹ್ನ 190 ಬಂತು. ಅವಳ ಮುಖ ಬಿಳುಚಿಹೋಯಿತು. ಅರ್ಧ ಗಂಟೆ ಮುಂಚೆ ನನಗೆ ಅಂತ ಅವಳು ಮಾವಿನಹಣ್ಣು ಹೆಚ್ಚಿದ್ದಳು. ಕೈ ಸೋಪಿನಲ್ಲಿ ತೊಳೆದು, ಒರೆಸಿ, ಬೇರೆ ಬೆರಳಿನಲ್ಲಿ ನೋಡಿದರೆ 119. ಬೆರಳಿನ ಮೇಲಿದ್ದ ಹಣ್ಣಿನ ರಸ ಸ್ಟ್ರಿಪ್ಪಿಗೆ ಹೋಗಿತ್ತು. ಆದ್ದರಿಂದ ಪ್ರತಿ ಸಲ ಕೈ ತೊಳೆಯಿರಿ, ಚೆನ್ನಾಗಿ ಒಣಗಿಸಿ. ಬೆರಳಿನ ತುದಿಯ ಮಧ್ಯಕ್ಕೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಅದರ ಮೇಲಿನ ತಾರೀಖು ನೋಡಿ.

ಇನ್ನೊಂದು ಕೆಲಸ ಮಾಡಿದೆ. ಹೊಸ ಸೂಜಿ ಹಾಕಿ ನನ್ನ ಬೆರಳನ್ನೂ ಚುಚ್ಚಿಕೊಂಡೆ. ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಳ್ಳುವುದು ಅಂದರೆ ಏನು ಅಂತ ಆಗ ಗೊತ್ತಾಯಿತು. ನನ್ನ ಖಾಲಿ ಹೊಟ್ಟೆಯ ಶುಗರ್ 112 ಇತ್ತು. ಲ್ಯಾಬಿನಲ್ಲಿ ಮಾಡಿಸಿದರೂ ಹೆಚ್ಚು ಕಡಿಮೆ ಅಷ್ಟೇ ಬಂತು. ನಾನೇ ಗಡಿಯಲ್ಲಿದ್ದೆ. ‘ನಮ್ಮ ಕಡೆ ಯಾರಿಗೂ ಇಲ್ಲ’ ಅಂದಿದ್ದ ಅಮ್ಮನೂ ಪರೀಕ್ಷೆ ಮಾಡಿಸಿಕೊಂಡರು. ಅಲ್ಲಿಂದ ಮುಂದೆ ಅವಳಿಗೆ ಬೇರೆ ಅಡುಗೆ, ನಮಗೆ ಬೇರೆ ಅಡುಗೆ ಅನ್ನುವುದು ನಿಂತುಹೋಯಿತು.

ಅಡುಗೆ ಮನೆಯ ವಿಷಯಕ್ಕೆ ಬರೋಣ. ಇದರಲ್ಲೇ ಜಾಸ್ತಿ ಗೊಂದಲ ಇರುವುದು.

‘ಇಬ್ಬರಿಗಾಗಿ ತಿನ್ನು’ ಅಂತ ಒಂದು ಕಡೆಯಿಂದ ಹೇಳುತ್ತಾರೆ. ‘ಶುಗರ್ ಇದೆ, ಅನ್ನ ಮುಟ್ಟಬೇಡ’ ಅಂತ ಇನ್ನೊಂದು ಕಡೆಯಿಂದ ಹೇಳುತ್ತಾರೆ. ಎರಡೂ ಸರಿಯಲ್ಲ. ಅನ್ನ, ಮುದ್ದೆ, ಚಪಾತಿ ಎಲ್ಲ ಪೂರ್ತಿ ಬಿಟ್ಟು ಹಸಿದರೆ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ಅನ್ನುವ ಆಮ್ಲದಂಥ ವಸ್ತು ಮಾಡುತ್ತದೆ. ಬಸುರಿಗೆ ಅದು ಒಳ್ಳೆಯದಲ್ಲ. ಬೇಕಾಗಿರುವುದು ಹಂಚಿ ತಿನ್ನುವುದು. ಮೂರು ದೊಡ್ಡ ಊಟವನ್ನು ಮೂರು ಸಾಧಾರಣ ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ ಅಂತ ಮಾಡಿಕೊಳ್ಳುವುದು.

ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ನಾವು ಮೈಸೂರು ಮಂಡ್ಯದವರು. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಅಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ಬಸುರಿಗೆ ಒಳ್ಳೆಯದೇ. ಆದರೆ ರಾಗಿಯಲ್ಲಿ ಪಿಷ್ಟ ಇಲ್ಲ ಅಂತ ತಿಳಿಯಬೇಡಿ. ಅಕ್ಕಿಯಲ್ಲಿ ಇರುವುದಕ್ಕಿಂತ ತೀರ ಕಡಿಮೆ ಏನೂ ಇಲ್ಲ. ಶುಗರ್ ಇದೆ ಅಂತ ಎರಡು ದೊಡ್ಡ ಮುದ್ದೆ ನುಂಗಿದರೆ ನಂಬರು ಏರುತ್ತದೆ. ರಾಗಿ ಮಾಲ್ಟ್, ತೆಳ್ಳಗಿನ ಗಂಜಿ ಇನ್ನೂ ಬೇಗ ಏರಿಸುತ್ತವೆ, ಜಗಿಯುವ ಕೆಲಸವೇ ಇಲ್ಲವಲ್ಲ. ನಮ್ಮ ಮನೆಯಲ್ಲಿ ಒಂದು ಸಣ್ಣ ಮುದ್ದೆ, ಅದಕ್ಕೆ ಮೊಳಕೆ ಹುರುಳಿಯ ಸಾರು ಅಥವಾ ಬಸ್ಸಾರು, ಜೊತೆಗೆ ಬಸಿದ ಕಾಳು ಸೊಪ್ಪಿನ ಪಲ್ಯ ಧಾರಾಳವಾಗಿ. ಇದು ಅವಳಿಗೆ ತುಂಬಾ ಚೆನ್ನಾಗಿ ಒಗ್ಗಿತು. ನಿಮ್ಮ ಮನೆಯವರಿಗೆ ಯಾವುದು ಒಗ್ಗುತ್ತದೆ ಅಂತ ನಿಮ್ಮ ಮೀಟರೇ ಹೇಳಬೇಕು. ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ಆಗುವುದಿಲ್ಲ.

ತಿಂಡಿ ನಮಗೆ ಬಹಳ ಕಾಡಿತು. ಬೆಳಿಗ್ಗೆ ಹೊತ್ತು ಹಾರ್ಮೋನುಗಳ ಅಡ್ಡಿ ಜಾಸ್ತಿ. ಮಧ್ಯಾಹ್ನ ತಿಂದರೆ ಏರದ ಇಡ್ಲಿ ಬೆಳಿಗ್ಗೆ ತಿಂದರೆ ಏರುತ್ತದೆ. ನಾಲ್ಕು ಇಡ್ಲಿ ಹೋಗಿ ಎರಡು ಆಯಿತು, ಜೊತೆಗೆ ತರಕಾರಿ ಜಾಸ್ತಿ ಹಾಕಿದ ಸಾಂಬಾರ್, ಒಂದು ಬೇಯಿಸಿದ ಮೊಟ್ಟೆ. ಅಕ್ಕಿ ದೋಸೆಯ ಬದಲು ಹೆಸರುಕಾಳಿನ ದೋಸೆ, ಕಡ್ಲೆಬೀಜದ ಚಟ್ನಿ. ಉಪ್ಪಿಟ್ಟಿನಲ್ಲಿ ರವೆಗಿಂತ ಬೀನ್ಸ್, ಕ್ಯಾರೆಟ್ಟೇ ಜಾಸ್ತಿ. ಕಾಫಿಗೆ ಸಕ್ಕರೆ ಇಲ್ಲ. ಬೆಲ್ಲ, ಜೇನುತುಪ್ಪ ಪರವಾಗಿಲ್ಲ ಅನ್ನುವವರು ಇದ್ದಾರೆ. ರಕ್ತಕ್ಕೆ ಹೋದ ಮೇಲೆ ಅವೂ ಸಕ್ಕರೆಯೇ.

ಊಟಕ್ಕೆ ಕೂತಾಗ ಮೊದಲು ಹೆಸರುಬೇಳೆ ಕೋಸಂಬರಿ, ಪಲ್ಯ ತಿಂದು, ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಶುಗರ್ ನಿಧಾನವಾಗಿ ಏರುತ್ತದೆ. ನಮ್ಮ ಬಾಳೆಲೆ ಊಟದಲ್ಲಿ ಕೋಸಂಬರಿ, ಪಲ್ಯ ಬಡಿಸಿದ ಮೇಲೆ ತಾನೇ ಅನ್ನ ಬರುವುದು? ಆದರೆ ಅನ್ನ ಬರುವವರೆಗೆ ಕಾಯುವ ಬದಲು ಅವನ್ನು ತಿಂದು ಮುಗಿಸಬೇಕು, ಅಷ್ಟೇ ವ್ಯತ್ಯಾಸ. ಹಣ್ಣಿನಲ್ಲಿ ಸೀಬೆ, ಸೇಬು, ಕಿತ್ತಳೆ ಒಂದೊಂದು, ಊಟದ ಜೊತೆಗಲ್ಲ, ನಡುವಿನ ಹೊತ್ತಿನಲ್ಲಿ. ಜ್ಯೂಸ್ ಬೇಡ. ನಂಜನಗೂಡು ರಸಬಾಳೆ ಅವಳಿಗೆ ಪ್ರಾಣ. ಡಯಟಿಷಿಯನ್ನರನ್ನು ಕೇಳಿ, ವಾರದಲ್ಲಿ ಎರಡು ದಿನ ಅರ್ಧ ಹಣ್ಣು ಅಂತ ಮಾಡಿಕೊಂಡೆವು. ಉಳಿದ ಅರ್ಧ ನಾನು ತಿನ್ನುತ್ತಿದ್ದೆ. ಬಯಕೆಯನ್ನು ಪೂರ್ತಿ ಕತ್ತರಿಸಿ ಹಾಕಬೇಡಿ. ಬಸುರಿ ಹೆಂಗಸು ಒಂದು ಹಣ್ಣನ್ನು ಬಚ್ಚಿಟ್ಟುಕೊಂಡು ತಿನ್ನುವ ಸ್ಥಿತಿ ಯಾವ ಮನೆಯಲ್ಲೂ ಬರಬಾರದು. ಹಾಗೇ ಯಾರೋ ಹೇಳಿದರು ಅಂತ ಹಾಗಲಕಾಯಿ ರಸ, ನಾಟಿ ಪುಡಿ ಕುಡಿಸಬೇಡಿ. ಪಲ್ಯ ಮಾಡಿ ತಿನ್ನಿ, ಔಷಧಿ ಅಂತ ಕುಡಿಯುವುದಾದರೆ ಡಾಕ್ಟರನ್ನು ಕೇಳದೆ ಬೇಡ.

ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದು ನಮಗೆ ದೊಡ್ಡ ಸಹಾಯ ಮಾಡಿತು. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತವೆ. ರಾತ್ರಿ ಊಟ ಆಗಿ ಇಬ್ಬರೂ ಬೀದಿಯ ಕೊನೆಯ ಗಣಪತಿ ಗುಡಿಯವರೆಗೆ ಹೋಗಿ ಬರುತ್ತಿದ್ದೆವು. ‘ಹೋಗು, ವಾಕಿಂಗ್ ಮಾಡು’ ಅನ್ನಬೇಡಿ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ‘ಬಾ, ಹೋಗೋಣ’ ಅನ್ನಿ. ರೆಸ್ಟ್ ಮಾಡಬೇಕು ಅಂತ ಡಾಕ್ಟರು ಹೇಳಿದ್ದರೆ ಮಾತ್ರ ಅವರನ್ನು ಕೇಳಿಯೇ ನಡೆಯಬೇಕು.

ಸೀಮಂತದ ದಿನ ನನಗೆ ಬೇರೆ ಕೆಲಸ ಇತ್ತು. ನೂರು ಜನ ಬಂದಿದ್ದರು. ಪ್ರತಿಯೊಬ್ಬರೂ ಪ್ರೀತಿಯಿಂದ ಒಂದೊಂದು ತುಂಡು ಮೈಸೂರು ಪಾಕ್, ಒಂದೊಂದು ಚಿರೋಟಿ ಬಾಯಿಗೆ ಇಡುವವರೇ. ಅವಳು ಬೇಡ ಅಂದರೆ ‘ಸೊಕ್ಕು’ ಅನ್ನುತ್ತಾರೆ. ಗಂಡ ಬೇಡ ಅಂದರೆ ಹಾಗೆ ಅನ್ನುವುದಿಲ್ಲ. ಹಿಂದಿನ ದಿನವೇ ಅಕ್ಕ, ಅತ್ತಿಗೆ, ಚಿಕ್ಕಮ್ಮ ಎಲ್ಲರಿಗೂ ನಾನೇ ಫೋನ್ ಮಾಡಿ ವಿಷಯ ಹೇಳಿದೆ. ಮಡಿಲು ತುಂಬುವಾಗ ಸಿಹಿಯ ಜಾಗದಲ್ಲಿ ಬಾದಾಮಿ, ಕಡ್ಲೆ, ಸೀಬೆಹಣ್ಣು ಇಡಿಸಿದೆ. ಒಂದು ತುಂಡು ಮೈಸೂರು ಪಾಕನ್ನು ನನ್ನ ಅಮ್ಮನ ಕೈಯಿಂದ ಅವಳು ಖುಷಿಯಾಗಿ ತಿಂದಳು. ಆಮೇಲೆ ಯಾರೂ ಒತ್ತಾಯ ಮಾಡದಂತೆ ಅಮ್ಮನೇ ಪಕ್ಕದಲ್ಲಿ ನಿಂತರು.

ಇಷ್ಟೆಲ್ಲ ಮಾಡಿದರೂ ಬೆಳಗಿನ ಖಾಲಿ ಹೊಟ್ಟೆಯ ನಂಬರು 104, 108 ಹೀಗೇ ಉಳಿಯಿತು. ರಾತ್ರಿ ಊಟ ಕಡಿಮೆ ಮಾಡಿ ನೋಡಿದಳು, ಇಳಿಯಲಿಲ್ಲ. ಅವಳು ಎಲ್ಲಿಯೂ ತಪ್ಪು ಮಾಡಿರಲಿಲ್ಲ. ರಾತ್ರಿಯಿಡೀ ನಾವು ಏನೂ ತಿನ್ನದಿದ್ದರೂ ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ. ಬೆಳಗಿನ ಜಾವದ ಹಾರ್ಮೋನುಗಳು ಅದನ್ನು ಇನ್ನೂ ಏರಿಸುತ್ತವೆ. ಎರಡು ವಾರ ಊಟದಲ್ಲಿ ಹತೋಟಿಗೆ ಬರದಿದ್ದರೆ ಔಷಧಿ ಶುರು ಮಾಡುತ್ತಾರೆ. ಕೆಲವರಿಗೆ ಮೆಟ್‌ಫಾರ್ಮಿನ್ ಮಾತ್ರೆ ಸಾಕಾಗುತ್ತದೆ. ಅವಳಿಗೆ ಮಲಗುವ ಮುಂಚೆ ಇನ್ಸುಲಿನ್ ಕೊಟ್ಟರು.

ಇನ್ಸುಲಿನ್ ಅಂದಾಗ ಮನೆಯಲ್ಲಿ ಮತ್ತೆ ಭಯ. ‘ಒಂದು ಸಲ ಶುರು ಆದರೆ ಸಾಯುವವರೆಗೂ ಬಿಡಕ್ಕಾಗಲ್ಲಂತೆ’ ಅಂತ ಅತ್ತೆ ಅಂದರು. ಇಲ್ಲಿ ಹಾಗಲ್ಲ. ಅಡ್ಡಿ ಮಾಡುವುದು ಮಾಸು. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಹೆಚ್ಚಿನವರಿಗೆ ಇನ್ಸುಲಿನ್ ಬೇಕಾಗುವುದೇ ಇಲ್ಲ. ನನ್ನ ಹೆಂಡತಿಗೆ ಹೆರಿಗೆಯ ದಿನವೇ ನಿಲ್ಲಿಸಿದರು. ಇನ್ಸುಲಿನ್ ಮಾಸನ್ನು ದಾಟಿ ಮಗುವಿಗೆ ಹೋಗುವುದೂ ಇಲ್ಲ. ಎಷ್ಟೋ ವರ್ಷಗಳಿಂದ ಗರ್ಭಿಣಿಯರಿಗೆ ಕೊಡುತ್ತಾ ಬಂದಿರುವ ಔಷಧಿ ಅದು. ಮೊದಲ ದಿನ ನರ್ಸ್ ಹೇಳಿಕೊಟ್ಟಾಗ ನಾನೂ ಕಲಿತೆ. ಅವಳ ಕೈ ನಡುಗುತ್ತಿದ್ದ ಮೊದಲ ವಾರ ನಾನೇ ಹಾಕಿದೆ. ಹೊಸ ಇನ್ಸುಲಿನ್ ಪೆನ್ನುಗಳನ್ನು ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಫ್ರೀಜರಿನಲ್ಲಿ ಯಾವತ್ತೂ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಗಂಡನಿಗೆ ಒಂದು ಸಂಗತಿ ಬಾಯಿಪಾಠ ಆಗಿರಬೇಕು. ಶುಗರ್ ಇಳಿದರೆ ಏನು ಮಾಡಬೇಕು ಅನ್ನುವುದು. ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತಲೆ ಸುತ್ತುತ್ತದೆ. ಮೀಟರಿನಲ್ಲಿ 70ಕ್ಕಿಂತ ಕೆಳಗೆ ಇದ್ದರೆ ಮೂರು ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ಒಂದು ಲೋಟ ನೀರಿಗೆ ಹಾಕಿ ತಕ್ಷಣ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿಲ್ಲದಿದ್ದರೆ ಮತ್ತೊಂದು ಲೋಟ. ಏರಿದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಓಡಿ. ನಮ್ಮ ಮನೆಯಲ್ಲಿ ಒಂದು ಸಲ ರಾತ್ರಿ ಎರಡು ಗಂಟೆಗೆ ಹೀಗಾಯಿತು. 62 ಇತ್ತು. ಮಂಚದ ಪಕ್ಕದಲ್ಲೇ ಗ್ಲೂಕೋಸ್ ಡಬ್ಬಿ, ನೀರು ಇದ್ದುದರಿಂದ ಗಾಬರಿ ಇಲ್ಲದೆ ಮುಗಿಯಿತು. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದೆವು. ಎರಡು ಯೂನಿಟ್ ಕಡಿಮೆ ಮಾಡಿದರು.

ಖರ್ಚಿನ ವಿಷಯ. ಸ್ಟ್ರಿಪ್ಪುಗಳಿಗೆ ದುಡ್ಡು ಆಗುತ್ತದೆ, ನಿಜ. ನಾಲ್ಕು ಸಲ ನೋಡಲು ಆಗದಿದ್ದರೆ ಸುಮ್ಮನೆ ನಿಲ್ಲಿಸಿಬಿಡಬೇಡಿ, ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಯಾವ ಹೊತ್ತಿನದು ಮುಖ್ಯ ಅಂತ ಅವರು ಆರಿಸಿಕೊಡುತ್ತಾರೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆಯುತ್ತಿದೆ. ನಮ್ಮ ಚೆಲುವಾಂಬ ಆಸ್ಪತ್ರೆ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲ ಹೇಳುತ್ತಾರೆ.

ಹೆರಿಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶುಗರ್ ಇದ್ದವರಿಗೆಲ್ಲ ಸಿಸೇರಿಯನ್ ಅಂತ ಇಲ್ಲ. ಹತೋಟಿ ಚೆನ್ನಾಗಿದ್ದರೆ ಸಹಜ ಹೆರಿಗೆ ಆಗುತ್ತದೆ. ಕೊನೆಯ ತಿಂಗಳುಗಳಲ್ಲಿ ಮಗು ಒದೆಯುವುದು ಕಡಿಮೆ ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ. ಹುಟ್ಟಿದ ಮಗುವಿನ ಹಿಮ್ಮಡಿಗೆ ಚುಚ್ಚಿ ಶುಗರ್ ನೋಡುತ್ತಾರೆ. ನನಗೆ ಆವತ್ತು ನೋಡಲಾಗದೆ ಗೋಡೆ ಕಡೆ ತಿರುಗಿ ನಿಂತಿದ್ದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು. ಆ ಗಿಣ್ಣುಹಾಲು ಮಗುವಿನ ಶುಗರ್ ಕುಸಿಯದಂತೆ ಕಾಪಾಡುತ್ತದೆ. ಎದೆಹಾಲು ಕುಡಿಸುವುದರಿಂದ ತಾಯಿಗೂ ಮುಂದೆ ಶುಗರ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ.

ಈಗ ಎಲ್ಲರೂ ಮರೆಯುವ ವಿಷಯ. ಹೆರಿಗೆ ಆಯಿತು, ಶುಗರ್ ಹೋಯಿತು, ಮೀಟರ್ ಬೀರುವಿನಲ್ಲಿ ಇಟ್ಟಾಯಿತು. ತಾಯಿ ಬಾಣಂತನಕ್ಕೆ ತವರಿಗೆ ಹೊರಡುತ್ತಾಳೆ. ಅಲ್ಲಿ ತುಪ್ಪ, ಬೆಲ್ಲ, ಅಂಟಿನುಂಡೆ. ಮಗುವಿನ ರಾತ್ರಿ, ಅಳು, ನಿದ್ದೆಗೇಡು. ಅವಳ ಶುಗರ್ ಯಾರಿಗೆ ನೆನಪಿರುತ್ತದೆ? ಬಸುರಿನಲ್ಲಿ ಶುಗರ್ ಬಂದವರಿಗೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಏಳು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ. ಅದಕ್ಕೇ ಹೆರಿಗೆಯಾಗಿ ಆರು ವಾರಕ್ಕೆ ಮತ್ತೊಂದು ಸಲ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮಾಡಿಸಲೇಬೇಕು. ಈ ಸಲ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಅದು ಸರಿ ಇದ್ದರೂ ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು. ಇನ್ನೊಂದು ಮಗು ಬೇಕು ಅಂದುಕೊಂಡರೆ ಅದಕ್ಕೂ ಮುಂಚೆ.

ಅವಳು ಮಂಡ್ಯದ ಹತ್ತಿರ ತವರಿನಲ್ಲಿದ್ದಳು. ನಾನು ಇಲ್ಲಿ. ಮಗುವಿಗೆ ಆರನೇ ವಾರದ ಲಸಿಕೆ ಇರುತ್ತದೆ. ಅದನ್ನು ಯಾವ ಅಜ್ಜಿಯೂ ಮರೆಯುವುದಿಲ್ಲ. ನಾನು ಆ ದಿನ ರಜೆ ಹಾಕಿ ಹೋದೆ. ಮಗು, ತಾಯಿ ಇಬ್ಬರನ್ನೂ ಒಟ್ಟಿಗೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳು ಗ್ಲೂಕೋಸ್ ಕುಡಿದು ಕೂತಳು. ಮಗಳಿಗೆ ಲಸಿಕೆ ಆಯಿತು. ಆ ಎರಡು ಗಂಟೆ ಅಳುವ ಮಗುವನ್ನು ಎತ್ತಿಕೊಂಡು ನಾನು ಆಸ್ಪತ್ರೆಯ ಅಂಗಳದ ಮರದ ಕೆಳಗೆ ಓಡಾಡಿದೆ. ಅವಳದು 122 ಬಂತು. 140ರ ಒಳಗೆ.

ಕೈಯಲ್ಲಿ ತಾಯಿ ಕಾರ್ಡ್ ಇದೆ ಅಲ್ವಾ, ಎಲ್ಲರೂ ತೆಗೆಯಿರಿ. ಅದರಲ್ಲಿ ಹೆರಿಗೆಯ ಅಂದಾಜು ತಾರೀಖು ಬರೆದಿರುತ್ತಾರೆ. ಅದಕ್ಕೆ 42 ದಿನ ಸೇರಿಸಿ. ಆಗಸ್ಟ್ 20 ಇದ್ದರೆ ಅಕ್ಟೋಬರ್ 1. ಬಂದ ತಾರೀಖನ್ನು ಕಾರ್ಡಿನ ಹಿಂದೆ ದೊಡ್ಡದಾಗಿ ಬರೆಯಿರಿ, ಪಕ್ಕದಲ್ಲಿ ‘ಮಗುವಿಗೆ ಲಸಿಕೆ, ಅಮ್ಮನಿಗೆ ಶುಗರ್’ ಅಂತ ಬರೆಯಿರಿ. ಗಂಡಂದಿರು ಅದೇ ತಾರೀಖನ್ನು ನಿಮ್ಮ ಫೋನಿನಲ್ಲೂ ಹಾಕಿಕೊಳ್ಳಿ. ಲೆಕ್ಕ ಸಿಗದವರು, ಪೆನ್ ಇಲ್ಲದವರು ಕೈ ಎತ್ತಿ. ನಾನೇ ಅಲ್ಲಿಗೆ ಬರುತ್ತೇನೆ.